ಸ್ನೋಗೂಸ್ ಹಾರಿದ ಬೇಸಿಗೆ

ಕಳೆದ ತಿಂಗಳು ಡಲ್ಲಾಸ್‌ನಲ್ಲಿ ವಿಮಾನದ ಮೆಟ್ಟಿಲು ಹತ್ತುತ್ತಿದ್ದಾಗ ಸೀಮೆಎಣ್ಣೆಯಂಥ ವಾಸನೆ ಬಂತು. ಬಿಸಿಲಿಗೆ ಕಾದ ಟಾರು, ಅದರ ಮೇಲೆ ಚೆಲ್ಲಿದ ವಿಮಾನದ ಇಂಧನ, ಎರಡೂ ಬೆರೆತಾಗ ಹುಟ್ಟುವ ವಾಸನೆ. ಒಳಗೆ ಕೂತು ಬೆಲ್ಟ್ ಎಳೆದುಕೊಂಡರೆ ಬಕಲ್ ಮೇಲೆ ಉಜ್ಜಿದರೂ ಪೂರ್ತಿ ಹೋಗದ ಒಂದು ಹಕ್ಕಿಯ ಗುರುತು. ವಿಮಾನದ ಹೊರಮೈಗೆ ಬೇರೆ ಕಂಪನಿಯ ಬಣ್ಣ, ಬೇರೆ ಹೆಸರು. ಬಕಲ್ ಬದಲಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಪಕ್ಕದ ಸೀಟಿನವರಿಗೆ "ಈ ವಿಮಾನ ನನಗೆ ಗೊತ್ತು" ಅಂದೆ. ಪಾಪ, ಅವರು ಮೆಲ್ಲಗೆ ಹೆಡ್‌ಫೋನ್ ಏರಿಸಿಕೊಂಡರು.

ಗೊತ್ತು ಅಂದದ್ದು ಸುಳ್ಳಲ್ಲ. ಕಾಲೇಜು ಮುಗಿಸಿದ ವರ್ಷ ಒಂದು ಬೇಸಿಗೆಯಿಡೀ ಆಸ್ಟಿನ್‌ನಲ್ಲಿ ಅದಕ್ಕೆ ಜನರನ್ನು ಹತ್ತಿಸುವುದೇ ನನ್ನ ಕೆಲಸವಾಗಿತ್ತು. ಕಂಪನಿಯ ಹೆಸರು ಸ್ನೋಗೂಸ್ ಏರ್. ಸ್ನೋಗೂಸ್ ಅಂದರೆ ಬಿಳಿ ಹೆಬ್ಬಾತು. ಚಳಿಗಾಲಕ್ಕೆ ಕೆನಡಾ ಬಿಟ್ಟು ಹ್ಯೂಸ್ಟನ್ ಸುತ್ತಲ ಭತ್ತದ ಗದ್ದೆಗಳಿಗೆ ಇಳಿದು, ಸೆಕೆ ಶುರುವಾಗುವ ಮೊದಲೇ ವಾಪಸ್ ಹೋಗುವ ಹಕ್ಕಿ. ನಮ್ಮ ಹೆಬ್ಬಾತು ಇದಕ್ಕೆ ತದ್ವಿರುದ್ಧ. ಸೆಕೆ ಶುರುವಾದ ಮೇಲೇ ಟೆಕ್ಸಸ್‌ಗೆ ಬಂದಿತ್ತು.

ಅದೇ ಅದರ ತರ್ಕ, ಅದೇ ಅದರ ತಪ್ಪು ಎಂದು ನಾನು ಮೊದಲ ದಿನದಿಂದ ವಾದಿಸಿದ್ದೆ. ಸ್ನೋಗೂಸ್ ಮೂಲತಃ ಕೆನಡಾದ ಕ್ಯಾಲ್ಗರಿಯ ಚಾರ್ಟರ್ ಕಂಪನಿ. ಚಾರ್ಟರ್ ಎಂದರೆ ಮದುವೆ ದಿಬ್ಬಣಕ್ಕೆ ಬಾಡಿಗೆ ಹಿಡಿದ ಬಸ್ಸಿದ್ದಂತೆ. ಯಾವುದೋ ಪ್ರವಾಸ ಸಂಸ್ಥೆ ಇಡೀ ವಿಮಾನ ಹಿಡಿಯುತ್ತದೆ, ಇವರು ಓಡಿಸುತ್ತಾರೆ. ಕೆನಡಾದವರಿಗೆ ಚಳಿಗಾಲವೇ ಮದುವೆ ಸೀಸನ್ನು; ಹಿಮದಿಂದ ತಪ್ಪಿಸಿಕೊಂಡು ಬಿಸಿಲಿನ ಸಮುದ್ರ ತೀರಗಳಿಗೆ ಹೋಗಲು ಜನ ಮುಗಿಬೀಳುತ್ತಾರೆ. ಬೇಸಿಗೆಯಲ್ಲಿ ಬಸ್ಸು ಖಾಲಿ ನಿಂತಿರುತ್ತದೆ. ನಿಂತ ಬಸ್ಸಿಗೂ ಖರ್ಚು ತಪ್ಪಿದ್ದಲ್ಲ. ಹಾಗಾಗಿ ಮಾಲೀಕ ಒಂದು ಬೋರ್ಡು ಬರೆಸಿ ರೂಟಿಗೆ ಬಿಟ್ಟ: ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್‌ನಿಂದ ಕ್ಯಾಲ್ಗರಿಗೆ, ಎಲ್ಲೂ ನಿಲ್ಲದೆ ನೇರ, ನಂಬಲಾಗದಷ್ಟು ಅಗ್ಗ. ಟೆಕ್ಸಸ್‌ನವರು ಸೆಕೆಯಿಂದ ಓಡಿಹೋಗಲಿ ಎಂದು.

ಓಡಿಹೋದರು ಕೂಡ. ಆಸ್ಟಿನ್, ಡಲ್ಲಾಸ್ ಮಗ್ಗುಲಿನ ಲಿಯಾಂಡರ್, ಸೀಡರ್ ಪಾರ್ಕ್, ಅಲೆನ್‌ನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಹಿಮ ಹೊದ್ದ ಬೆಟ್ಟಗಳ ಮುಂದೆ ಸ್ವೆಟರ್ ಹಾಕಿ ನಿಂತ ಫೋಟೋಗಳದೇ ಮಳೆ. "ನಮ್ಮ ಊಟಿ ಕಣ್ರೀ ಇದು, ಮೂರೂವರೆ ಗಂಟೇಲಿ!" ಎಂದು ಯಾರೋ ಬರೆದಿದ್ದರು. ವಿಮಾನಕ್ಕೆ ಮೂರೂವರೆ ಗಂಟೆ ಸಾಲುವುದಿಲ್ಲ ಎಂದು ನಾನು ಉತ್ತರಿಸಿದೆ. ಆ ಗುಂಪಿನಲ್ಲಿ ಆಮೇಲೆ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಹಾಗಾದರೆ ಅಲ್ಲೇ ಯಾಕೆ ಕೆಲಸಕ್ಕೆ ಸೇರಿದೆ? ಬೇರೆ ಯಾರೂ ಕೊಡಲಿಲ್ಲ. ಹೈಸ್ಕೂಲಿನಿಂದ ಡಿಬೇಟ್ ಮಾಡಿಕೊಂಡು ಬಂದವಳಿಗೆ ಮಾರುಕಟ್ಟೆಯಲ್ಲಿ ಅಂಥಾ ಬೆಲೆಯೇನಿಲ್ಲ. ಆಸ್ಟಿನ್ ಸ್ಟೇಷನ್ನಿನ ಮ್ಯಾನೇಜರ್ ಗ್ಲೆನ್, ಕ್ಯಾಲ್ಗರಿಯವನು, ನೆತ್ತಿ ಕೆಂಪಗೆ ಸುಟ್ಟ ಐವತ್ತರ ಮನುಷ್ಯ. ಇಂಟರ್‌ವ್ಯೂನಲ್ಲಿ ನನ್ನ ದೊಡ್ಡ ದೌರ್ಬಲ್ಯ ಏನೆಂದು ಕೇಳಿದ.

"ಯಾವುದನ್ನೂ ಬೇಗ ಒಪ್ಪಿಕೊಳ್ಳಲ್ಲ" ಅಂದೆ.

"ಹಾಗಾದರೆ ದೂರು ಕೇಳುವ ಕೌಂಟರ್ ನಿನಗೇ" ಎಂದು ಕೈ ಕುಲುಕಿದ.

ಆದರೆ ನನಗೆ ಆ ವಿಮಾನದ ಮೇಲೆ ಕಣ್ಣಿಟ್ಟಿರಲು ಬೇರೆ ಕಾರಣವೂ ಇತ್ತು. ವಿದ್ಯಾ ಅಕ್ಕ. ದೊಡ್ಡಮ್ಮನ ಮಗಳು, ಹುಬ್ಬಳ್ಳಿಯವಳು, ಮದುವೆಯಾಗಿ ಗಂಡನೊಂದಿಗೆ ಇಲ್ಲಿಗೆ ಬಂದವಳು. ನೆಲದಡಿಯ ಪೈಪುಗಳಲ್ಲಿ ಎಲ್ಲಿ ಸೋರುತ್ತಿದೆ ಎಂದು ಪತ್ತೆ ಮಾಡುವ ಸಾಫ್ಟ್‌ವೇರ್ ಬರೆಯುವುದು ಅವಳ ಕೆಲಸ. ಅಮೆರಿಕದಲ್ಲಿ ದುಡಿಯಲು ಬೇಕಾದ ವೀಸಾದ ಲಾಟರಿಯಲ್ಲಿ ಅವಳ ಹೆಸರು ಮತ್ತೆ ಮತ್ತೆ ಬರದೇ ಹೋದಾಗ, ಕಂಪನಿ ಅವಳನ್ನು ಕಳೆದುಕೊಳ್ಳಲು ಮನಸ್ಸಿಲ್ಲದೆ ಕ್ಯಾಲ್ಗರಿ ಆಫೀಸಿಗೆ ಕಳಿಸಿತು. ಗಂಡ ಪ್ರಶಾಂತ್ ಭಾವ, ಮೈಸೂರಿನವರು, ಲಿಯಾಂಡರ್‌ನ ಹೊಸ ಮನೆಯಲ್ಲಿ ಆರು ವರ್ಷದ ಮಗಳು ತನ್ವಿಯ ಜೊತೆ ಉಳಿದರು. ಅಕ್ಕ ಕೆಲಸ ಬಿಟ್ಟರೆ ಗಂಡನ ವೀಸಾ ಮೇಲೆ ಲಿಯಾಂಡರ್‌ನಲ್ಲಿ ಇರಬಹುದಿತ್ತು, ಆದರೆ ದುಡಿಯುವಂತಿರಲಿಲ್ಲ. ಕೆಲಸ ಇಟ್ಟುಕೊಂಡರೆ ಮಗಳು ದೂರ. ಬೇರೆ ವಿಮಾನಗಳು ಎಲ್ಲೆಲ್ಲೋ ಇಳಿದು ಹತ್ತಿ ಬರುವಷ್ಟರಲ್ಲಿ ವಾರಾಂತ್ಯವೇ ಮುಗಿಯುತ್ತಿತ್ತು. ಅಂಥ ಹೊತ್ತಿಗೆ ಸ್ನೋಗೂಸ್ ಬಂತು. ಶುಕ್ರವಾರ ಸಂಜೆ ಅಕ್ಕ ಆಸ್ಟಿನ್‌ಗೆ ಇಳಿಯುವಳು, ಭಾನುವಾರ ಮಧ್ಯಾಹ್ನ ವಾಪಸ್ ಹೋಗುವಳು. ಅವಳ ಕೆಲಸ, ಸಂಸಾರ ಎರಡೂ ಆ ಬಿಳಿ ಹಕ್ಕಿಯ ರೆಕ್ಕೆಗೆ ಕಟ್ಟಿದ್ದವು.

ಈ ವಿಷಯದ ಮೇಲೆ ಆ ಬೇಸಿಗೆ ನಮ್ಮ ಮನೆಯಲ್ಲಿ ನಡೆದಷ್ಟು ಚರ್ಚೆ ನಾನು ಯಾವ ಸ್ಪರ್ಧೆಯಲ್ಲೂ ಕಂಡಿಲ್ಲ. ಅಪ್ಪ ಅಮ್ಮ ಹ್ಯೂಸ್ಟನ್‌ನ ಕ್ಲಿಯರ್ ಲೇಕ್‌ನಲ್ಲಿ ಗ್ರಾನೈಟ್ ಅಂಗಡಿ ನಡೆಸುತ್ತಾರೆ. ಜೂನ್‌ನ ಒಂದು ಶನಿವಾರ ಎಲ್ಲರೂ ಅಲ್ಲಿಗೆ ಊಟಕ್ಕೆ ಹೋಗಿದ್ದೆವು. ಅಮ್ಮ ರೊಟ್ಟಿ ಬಡಿಯುತ್ತಲೇ ವಿಷಯ ತೆಗೆದಳು.

"ಗಂಡ ಒಂದ್ ಕಡೆ, ಹೆಂಡ್ತಿ ಒಂದ್ ಕಡೆ, ಕೂಸು ನಡುವ. ಇದೇನ್ ಸಂಸಾರನೋ ಬಸ್‌ಸ್ಟ್ಯಾಂಡೋ?"

"ಚಿಗವ್ವ, ಬಸ್‌ಸ್ಟ್ಯಾಂಡಿನಾಗ ಬಸ್ಸಾರ ಬರ್ತಾವ" ಅಂದಳು ಅಕ್ಕ.

"ಬರ್ತಾವ ಅನ್ನಾಕ ಆಧಾರ ಏನೈತಿ?" ಎಂದು ನಾನು ಬಾಯಿ ಹಾಕಿದೆ.

ಭಾವ ನಕ್ಕರು. "ಶುರುವಾಯ್ತು. ಇವಳಿಗೆ ಒಂದು ಗಂಟೆ ಬಿಟ್ಟುಕೊಟ್ರೆ ರೊಟ್ಟಿ ರೌಂಡಾಗಿಲ್ಲ ಅಂತ ಪ್ರೂವ್ ಮಾಡ್ತಾಳೆ."

"ರೌಂಡ್ ಇಲ್ಲರೀ ಭಾವ, ಬೇಕಾದ್ರ ನೋಡ್ರಿ."

"ಹಂಗಾರ ನೀನ ಬಡಿ ಬಾ" ಎಂದು ಅಮ್ಮ ಹಿಟ್ಟಿನ ಕೈ ನನ್ನ ಕಡೆ ಚಾಚಿದಳು.

ಅಮ್ಮನ ವಾದ: ಕೆಲಸ ಮತ್ತೆ ಸಿಗುತ್ತದೆ, ಮಗಳ ಬಾಲ್ಯ ಸಿಗುವುದಿಲ್ಲ. ನನ್ನ ವಾದ: ಕೆಲಸ ಬಿಡಬಾರದು, ಆದರೆ ಈ ವಿಮಾನವನ್ನು ನಂಬಬಾರದು. ಹಾಗಾದರೆ ಮತ್ತೇನು ಮಾಡಬೇಕು ಎಂದು ಅಮ್ಮ ಕೇಳಿದಳು. ಸಂದೇಹವಾದಿಯ ಕೆಲಸ ಉತ್ತರ ಕೊಡುವುದಲ್ಲ ಅಂದೆ. "ಹಂಗಾರ ಅದೂ ಒಂದ್ ಕೆಲಸನ?" ಎಂದಳು ಅಮ್ಮ. ಭಾವ ಮಾತ್ರ ಯಾವ ಪಕ್ಷವನ್ನೂ ಹಿಡಿಯಲಿಲ್ಲ. "ಡಿಸಿಷನ್ ಅವಳದ್ದೇ, ನಾನೇನೂ ಹೇಳಲ್ಲ. ಅಮ್ಮ ಯಾವಾಗ ಬರ್ತಾಳೆ ಅಂತ ತನ್ವಿ ದಿನಾ ಕೇಳ್ತಾಳೆ, ಅಷ್ಟೇ." ಏನೂ ಹೇಳುವುದಿಲ್ಲ ಎನ್ನುತ್ತಲೇ ಎಲ್ಲವನ್ನೂ ಹೇಳಿಬಿಡುವ ಈ ಕಲೆಗೆ ಡಿಬೇಟ್‌ನಲ್ಲಿ ಅಂಕ ಕಳೆಯುತ್ತಾರೆ. ಮನೆಯಲ್ಲಿ ಒಳ್ಳೆಯ ಗಂಡ ಅನ್ನುತ್ತಾರೆ.

ಅಕ್ಕ ರೊಟ್ಟಿ ಮುರಿಯುತ್ತ ನಿಧಾನಕ್ಕೆ ಹೇಳಿದಳು. "ಕೆಲಸಾನೂ ಬಿಡಂಗಿಲ್ಲ, ಮಗಳನ್ನೂ ಬಿಡಂಗಿಲ್ಲ. ವಿಮಾನ ಎಲ್ಲೀತನ ಹಾರ್ತೈತಿ, ಅಲ್ಲೀತನ ಹಿಂಗ. ಆಮ್ಯಾಲಿಂದು ಆಮ್ಯಾಲ."

ಜುಲೈಗೆ ವಿಮಾನ ತುಂಬಿ ತುಳುಕತೊಡಗಿತು. ಸ್ನೋಗೂಸ್‌ನಲ್ಲಿ ಟಿಕೆಟ್ ಅಗ್ಗ, ಬ್ಯಾಗು ದುಬಾರಿ. ನಮ್ಮವರು ಇದಕ್ಕೆ ಕಂಡುಕೊಂಡ ಉಪಾಯ ಜಾಕೆಟ್ಟು. ಹೊರಗೆ ಹಕ್ಕಿ ಕೂಡ ಕೊಂಬೆ ಬಿಟ್ಟು ಏಳದಂಥ ಬಿಸಿಲು. ನನ್ನ ಕೌಂಟರ್ ಮುಂದೆ ಸಾಲಾಗಿ ಹಿಮಾಲಯ ಹತ್ತಲು ಹೊರಟವರಂತೆ ಒಂದರ ಮೇಲೊಂದು ಜಾಕೆಟ್ ಹಾಕಿಕೊಂಡ ಅಂಕಲ್, ಆಂಟಿಯರು. ಸೀಡರ್ ಪಾರ್ಕಿನ ಕಮಲಾ ಆಂಟಿ ಅಂತೂ ನಡೆದರೆ ಮೈಯೆಲ್ಲ ಚರಚರ ಎನ್ನುತ್ತಿತ್ತು.

"ಆಂಟಿ, ಜೇಬಲ್ಲಿ ಏನಿದೆ?"

"ಏನಿಲ್ಲ ಕಣೇ, ಟಿಶ್ಯೂ."

"ಟಿಶ್ಯೂ ಸದ್ದು ಮಾಡತ್ತಾ?"

"ಚಕ್ಲಿ, ಕೋಡುಬಳೆ. ಮಗಳಿಗೆ. ನಿಂಗೂ ಒಂದು ಕೊಡ್ಲಾ? ಅದೇನು ಪೊಲೀಸ್ನೋರ ಥರ ನೋಡ್ತೀಯ, ನಿಮ್ಮಮ್ಮಂಗೆ ಹೇಳ್ತೀನಿ."

ಗ್ಲೆನ್‌ಗೆ ಇದು ಅರ್ಥವಾದಾಗ ನಗಲಿಲ್ಲ, ತಲೆ ಹಿಡಿದುಕೊಂಡ. ಕಾದ ಗಾಳಿ ತೆಳುವಾಗುತ್ತದೆ, ತೆಳುವಾದ ಗಾಳಿ ರೆಕ್ಕೆಯನ್ನು ಸರಿಯಾಗಿ ಎತ್ತುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ತುಂಬಿದ ವಿಮಾನ ಏರಬೇಕಾದರೆ ಏನಾದರೂ ಕೆಳಗಿಳಿಸಲೇಬೇಕು. ಅಗ್ಗದ ಕಂಪನಿಗೆ ಸಿಗುವುದು ಯಾರಿಗೂ ಬೇಡವಾದ ಮಧ್ಯಾಹ್ನದ ಹೊತ್ತೇ. ಹಾಗಾಗಿ ದುಡ್ಡು ಕೊಟ್ಟವರ ಬ್ಯಾಗುಗಳನ್ನು ನಿಲ್ದಾಣದಲ್ಲೇ ಬಿಟ್ಟು, ಜೇಬು ತುಂಬಿಕೊಂಡವರನ್ನು ಹತ್ತಿಸಿಕೊಂಡು ವಿಮಾನ ಏರುತ್ತಿತ್ತು. ಬಿಟ್ಟ ಬ್ಯಾಗಿನವರು ಮಾರನೆಯ ದಿನ ಫೋನ್ ಮಾಡಿ ನನ್ನನ್ನು ಬೈಯುತ್ತಿದ್ದರು. ಬೈಗುಳ ಕೇಳುವುದು ನನಗೆ ಹೊಸದಲ್ಲ, ಎದುರಾಳಿಯ ಮಾತನ್ನು ಮಧ್ಯೆ ತಡೆಯದೆ ಕೇಳಬೇಕು ಎಂದೇ ನಮಗೆ ಕಲಿಸಿದ್ದು. ಕಷ್ಟವೆಂದರೆ, ಅವರು ಹೇಳಿದ್ದೆಲ್ಲ ಸರಿಯಾಗಿತ್ತು.

ಆದರೂ ಒಂದು ಒಪ್ಪಲೇಬೇಕು. ಶುಕ್ರವಾರ ಸಂಜೆ ವಿಮಾನ ಬಂದಿಳಿದಾಗ ತನ್ವಿ ಗಾಜಿಗೆ ಮೂಗು ಒತ್ತಿ ನಿಂತಿರುತ್ತಿದ್ದಳು. ಮೆಟ್ಟಿಲಿಳಿಯುವವರಲ್ಲಿ ಅಮ್ಮನ ನೀಲಿ ಬ್ಯಾಗ್ ಕಂಡ ಕೂಡಲೇ "ದಟ್ಸ್ ಹರ್, ದಟ್ಸ್ ಹರ್!" ಎಂದು ಕುಣಿಯುತ್ತಿದ್ದಳು. ಆಗ ನನ್ನ ಯಾವ ವಾದವೂ ನೆನಪಿಗೆ ಬರುತ್ತಿರಲಿಲ್ಲ. ಗ್ಲೆನ್ ಒಂದು ದಿನ ನನ್ನ ಪಕ್ಕ ನಿಂತು, "ನೋಡಿದೆಯಾ? ಇದಕ್ಕೇ ನಾವು ಹಾರಿಸೋದು" ಅಂದ. ಆ ಮನುಷ್ಯ ಅದನ್ನು ನಿಜವಾಗಿಯೂ ನಂಬಿದ್ದ. ಅದಕ್ಕೇ ಅವನೊಂದಿಗೆ ವಾದ ಮಾಡುವುದು ಕಷ್ಟವಾಗುತ್ತಿತ್ತು.

ಆಗಸ್ಟ್‌ನಲ್ಲಿ ಕ್ಯಾಲ್ಗರಿಯ ಮಾಲೀಕರು, ತುಂಬಿದ ಸೀಟುಗಳನ್ನು ನೋಡಿ, ಇನ್ನಷ್ಟು ವಿಮಾನಗಳನ್ನು ಬಾಡಿಗೆಗೆ ತಂದರು. ಗ್ಲೆನ್ ಎಲ್ಲರಿಗೂ ಕೇಕ್ ಹಂಚಿದ.

"ಗ್ಲೆನ್, ಒಂದು ಪ್ರಶ್ನೆ" ಅಂದೆ. "ವಿಮಾನ ತುಂಬಿರೋದು ಅಗ್ಗ ಅಂತ. ಅಗ್ಗ ಇರೋದು ಹೇಗೂ ಖಾಲಿ ನಿಂತಿತ್ತಲ್ಲ ಅಂತ. ಈಗ ಹೊಸದು ತಂದರೆ, ಅದು ಖಾಲಿ ನಿಂತ ವಿಮಾನ ಅಲ್ಲವಲ್ಲ. ಅದನ್ನು ಅಷ್ಟೇ ಅಗ್ಗಕ್ಕೆ ಹೇಗೆ ಓಡಿಸುತ್ತೀರಿ?"

ಅವನು ಕೇಕ್ ಅಗಿಯುವುದನ್ನು ನಿಲ್ಲಿಸಿದ. "ಚಳಿಗಾಲ ಬರಲಿ. ಚಳಿಗಾಲ ಎಲ್ಲವನ್ನೂ ಸರಿ ಮಾಡುತ್ತದೆ."

ಸೆಪ್ಟೆಂಬರ್ ಕೊನೆಗೆ ಇಂಧನದ ಲಾರಿಯವನು ಕ್ರೆಡಿಟ್ ಕಾರ್ಡ್ ಮೊದಲೇ ಕೈಗೆ ಬಾರದೆ ಪೈಪ್ ಜೋಡಿಸುವುದನ್ನು ನಿಲ್ಲಿಸಿದ. ಪೈಲಟ್‌ಗಳು ಇಳಿದುಕೊಳ್ಳುವ ಹೋಟೆಲ್ ಎರಡು ಸಲ ಬದಲಾಯಿತು, ಪ್ರತಿ ಸಲವೂ ಕೆಳಮಟ್ಟದ್ದಕ್ಕೆ. ಚಳಿಗಾಲಕ್ಕೆ ಸೀಟುಗಳನ್ನು ಸಗಟಾಗಿ ಹಿಡಿಯಬೇಕಿದ್ದ ಪ್ರವಾಸ ಸಂಸ್ಥೆ ಬೇರೆ ಕಂಪನಿಯ ಕಡೆ ವಾಲಿದೆ ಎಂದು ವಿಮಾನದ ಸಿಬ್ಬಂದಿಯೇ ಪಿಸುಗುಟ್ಟುತ್ತಿದ್ದರು. ದಿಬ್ಬಣ ಬೇರೆ ಬಸ್ಸು ಹಿಡಿದಿತ್ತು. ಮುಂದಿನ ಶುಕ್ರವಾರ ಅಕ್ಕ ಬಂದಿಳಿದಾಗ ಕೈ ಹಿಡಿದು ಪಕ್ಕಕ್ಕೆ ಕರೆದೆ.

"ಅಕ್ಕ, ಈ ಕಂಪನಿ ಬೀಳ್ತೈತಿ. ಖಾತ್ರಿ ಹೇಳಾಕತ್ತೇನಿ."

"ಯಾವಾಗ?"

"ಅದು ಗೊತ್ತಿಲ್ಲ."

"ಮತ್ತ ಗೊತ್ತಿದ್ದದ್ದೇನ ಹೇಳಿದಿ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಂಗೂ ಕಾಣ್ತೈತೇ ಹುಡುಗಿ. ಎಲ್ಲಿ ಸೋರ್ತೈತಿ ಅಂತ ಹುಡುಕೂದ ನನ್ನ ಕೆಲಸ" ಅಂದಳು.

ಅಕ್ಟೋಬರ್‌ನ ಒಂದು ಭಾನುವಾರ ಅದು ಬಿತ್ತು. ಬೆಳಗ್ಗೆ ಕ್ಯಾಲ್ಗರಿಯಿಂದ ಬರಬೇಕಿದ್ದ ವಿಮಾನ ಹೊರಡಲೇ ಇಲ್ಲ. ಮೊದಲು ತಡ ಅಂದರು, ಆಮೇಲೆ ಬೋರ್ಡಿನಿಂದ ಹೆಸರೇ ಮಾಯವಾಯಿತು. ಗ್ಲೆನ್ ಫೋನ್ ಇಟ್ಟು ನನ್ನ ಕಡೆ ತಿರುಗಿದ. ನೀನು ಹೇಳಿದ್ದೇ ಸರಿಯಾಯಿತು ಎಂದು ಅವನು ಅಂದ. ಗೆದ್ದ ವಾದ ಅಷ್ಟು ರುಚಿಗೆಟ್ಟಿರಬಹುದು ಎಂದು ನಾನು ಊಹಿಸಿರಲಿಲ್ಲ.

ನಿಂತಿದ್ದ ಜನರ ಮುಂದೆ ಅವನು ಕುರ್ಚಿ ಹತ್ತಿ ತಾನೇ ಹೇಳಿದ: ಇವತ್ತು ವಿಮಾನವಿಲ್ಲ, ನಾಳೆಯೂ ಇಲ್ಲ, ಕಂಪನಿಯೇ ಇಲ್ಲ. ಆಮೇಲೆ ನಾವಿಬ್ಬರೂ ಕೂತು, ಸಂಬಳ ಬರುವ ಆಸೆ ಬಿಟ್ಟು, ಕಂಡವರಿಗೆಲ್ಲ ಬೇರೆ ಕಂಪನಿಗಳಲ್ಲಿ ಸೀಟು ಹುಡುಕಿದೆವು. ಅಕ್ಕ ಸಾಲಿನ ಕೊನೆಯಲ್ಲಿ ನಿಂತಿದ್ದಳು, ಮುಂದೆ ಬಾ ಅಂದರೂ ಬರಲಿಲ್ಲ. ಅವಳ ಸರದಿ ಬರುವ ಹೊತ್ತಿಗೆ ಆಸ್ಟಿನ್‌ನಿಂದ ಯಾವ ವಿಮಾನದಲ್ಲೂ ಜಾಗವಿರಲಿಲ್ಲ. ಹ್ಯೂಸ್ಟನ್‌ನಿಂದ ಸಂಜೆಗೆ ಒಂದೇ ಒಂದು ಸೀಟು ಕಾಣಿಸಿತು. ಮರುದಿನ ಬೆಳಗ್ಗೆ ಕ್ಯಾಲ್ಗರಿಯಲ್ಲಿ ಅವಳ ತಂಡದ ಹೊಸ ವ್ಯವಸ್ಥೆ ಮೊದಲ ಬಾರಿಗೆ ಚಾಲೂ ಆಗಬೇಕಿತ್ತು. ಅವಳಿಲ್ಲದೆ ಆಗುವ ಹಾಗಿರಲಿಲ್ಲ.

ತನ್ವಿಯ ಕೈ ಹಿಡಿದು ಪಕ್ಕದಲ್ಲಿ ನಿಂತಿದ್ದ ಭಾವ ಆಗ ಆ ಬೇಸಿಗೆಯಲ್ಲಿ ಮೊದಲ ಬಾರಿಗೆ ಪಕ್ಷ ಹಿಡಿದರು. "ವಿದ್ಯಾ, ಸಾಕು. ಇನ್ನೆಷ್ಟು ಅಂತ ಓಡಾಡ್ತೀಯ? ಮನೆಗೆ ಹೋಗೋಣ. ನಾಳೆ ಅವ್ರಿಗೊಂದು ಮೇಲ್ ಹಾಕು."

ನಾನು ಬಾಯಿ ತೆರೆದೆ. ಅಕ್ಕ ಕೈ ಅಡ್ಡ ಹಿಡಿದಳು.

"ನೀ ಸುಮ್ನಿರು. ಎಲ್ಲಾರೂ ಬ್ಯಾಸಗಿತುಂಬ ಒಂದ ಪ್ರಶ್ನೆ ಹಿಡದು ಕುಂತೀರಿ. ವಿದ್ಯಾ ಕೆಲಸ ಬಿಡಬೇಕೋ ಬ್ಯಾಡೋ. ಚಿಗವ್ವ ಬಿಡು ಅಂದ್ಲು, ನೀ ಬ್ಯಾಡ ಅಂದಿ. ಪ್ರಶಾಂತ್, ನೀವು ಕ್ಯಾಲ್ಗರಿಗೆ ಬರಬಾರದಾ ಅಂತ ಒಬ್ಬರಾರ ಕೇಳಿದ್ರಾ?"

ಚರ್ಚೆಯ ವಿಷಯವನ್ನು ಯಾರು ಬರೆದರು ಎಂದು ಮೊದಲು ನೋಡಿ ಎಂದು ನಮ್ಮ ಡಿಬೇಟ್ ಕೋಚ್ ಹೇಳುತ್ತಿದ್ದರು. ಆ ಬೇಸಿಗೆಯಲ್ಲಿ ನಾವು ಯಾರೂ ನೋಡಿರಲಿಲ್ಲ. ವಾರಾಂತ್ಯದ ಅಗ್ಗದ ವಿಮಾನವೊಂದು ಇದ್ದದ್ದರಿಂದ ಆ ಪ್ರಶ್ನೆ ಕೇಳುವ ಅಗತ್ಯವೇ ಬಿದ್ದಿರಲಿಲ್ಲ.

ಭಾವನ ಮುಖ ಕೆಂಪಾಯಿತು. "ಈಗ ಅದೆಲ್ಲ ಬೇಡ. ಫ್ಲೈಟ್ ಮಿಸ್ ಆಗತ್ತೆ. ಹತ್ತಿ ಕಾರು" ಎಂದರು. ಮನೆಗೆ ಹೋಗೋಣ ಎಂದದ್ದನ್ನು ಅವರೇ ಮರೆತಿದ್ದರು. ಗ್ಲೆನ್ ನನಗೂ ಹೋಗು ಎಂದು ಕಣ್ಸನ್ನೆ ಮಾಡಿದ. ನಾನು ಗುರುತಿನ ಚೀಟಿಯನ್ನು ಕೌಂಟರ್ ಮೇಲಿಟ್ಟು ಹಿಂದಿನ ಸೀಟಿನಲ್ಲಿ ತನ್ವಿಯ ಪಕ್ಕ ಕೂತೆ.

ಹ್ಯೂಸ್ಟನ್ ದಾರಿಯಲ್ಲಿ ಬಾಸ್ಟ್ರಾಪ್ ಎಂಬ ಊರು ದಾಟಿದೆವು. ಆ ದಿನ ಉತ್ತರದಿಂದ ವರ್ಷದ ಮೊದಲ ತಂಪು ಗಾಳಿ ಬಂದಿತ್ತು. ರಸ್ತೆಯಾಚೆಯ ಹುಲ್ಲು ಒಂದೇ ಕಡೆ ಬಾಗಿತ್ತು, ಕಾರು ಆಗಾಗ ಅಲುಗುತ್ತಿತ್ತು.

"ನನ್ನ ಗ್ರೀನ್ ಕಾರ್ಡ್ ಫೈಲ್ ಈಗ ತಾನೇ ಶುರು ಮಾಡಿದಾರೆ" ಎಂದರು ಭಾವ, ರಸ್ತೆಯಿಂದ ಕಣ್ಣು ತೆಗೆಯದೆ. "ಈಗ ಬಿಟ್ರೆ ಎಲ್ಲಾ ನೀರಲ್ಲಿ ಹೋಮ."

"ಆ ಸಾಲು ಎಷ್ಟ ಉದ್ದ ಐತಿ ಗೊತ್ತೈತಲ್ಲ. ತನ್ವಿ ಮದವಿ ಹೊತ್ತಿಗೆ ಬಂದೀತು."

"ಮನೆ?"

"ಮನಿ ಮಾರಬಹುದು. ಬಾಡಿಗಿಗೂ ಕೊಡಬಹುದು. ನೀವು ಅಡಗಿಮನಿ ಕೌಂಟರ್‌ಟಾಪ್ ಕಲ್ಲು ಆರಿಸೂದಕ್ಕ ಒಂದ್ ತಿಂಗಳ ತಗೊಂಡ್ರಿ, ಅದರ ಸಂಕಟ ನಂಗೂ ಐತಿ. ಚಿಕ್ಕಪ್ಪನ ಅಂಗಡೀಂದ ಮತ್ತೊಂದು ತರೂಣು."

ನಗಬಾರದು ಎಂದುಕೊಂಡರೂ ಭಾವನ ತುಟಿ ಅಲುಗಿತು. ಕೂಡಲೇ ಬಿಗಿಯಾಯಿತು. "ಅಲ್ಲಿ ನಾನು ಏನು ಅಂತ ಹೋಗ್ಲಿ? ಹೆಂಡ್ತಿ ಹಿಂದೆ ಬಂದೋನು ಅಂತಾನಾ?"

ಅಕ್ಕ ಕಿಟಕಿಯ ಕಡೆ ತಿರುಗಿದಳು. ಕೋಪ ಬಂದಿದೆ ಅಂದುಕೊಂಡೆ. ಆದರೆ ಮಾತು ತಣ್ಣಗಿತ್ತು. "ನಾ ಇಲ್ಲಿಗೆ ಏನಂತ ಬಂದಿದ್ದೆ, ಪ್ರಶಾಂತ್?"

ಲಾ ಗ್ರೇಂಜ್ ಊರು ಬಂತು, ಹೋಯಿತು. ನನ್ನೊಳಗೆ ಹತ್ತು ವಾದಗಳು ಸಾಲುಗಟ್ಟಿ ನಿಂತಿದ್ದವು, ಎಲ್ಲವೂ ಅಕ್ಕನ ಪರ, ಎಲ್ಲವೂ ಗಟ್ಟಿ. ಆದರೆ ಅಕ್ಕನ ಆ ಪ್ರಶ್ನೆಯ ಪಕ್ಕ ಇಡುವಂಥದ್ದು ಅವುಗಳಲ್ಲಿ ಯಾವುದೂ ಇರಲಿಲ್ಲ. ತನ್ವಿ ನನ್ನ ತೊಡೆಯ ಮೇಲೆ ತಲೆಯಿಟ್ಟು, "ಆರ್ ದೆ ಫೈಟಿಂಗ್?" ಎಂದು ಪಿಸುಗುಟ್ಟಿದಳು. "ಇಲ್ಲ, ಲೆಕ್ಕ ಹಾಕ್ತಿದಾರೆ" ಅಂದೆ. "ಹೂ ಈಸ್ ವಿನ್ನಿಂಗ್?" ಎಂದಳು. ಅದಕ್ಕೆ ಮುಂದಿನ ಸೀಟಿನಲ್ಲಿ ಇಬ್ಬರೂ ಒಟ್ಟಿಗೆ ಕಿವಿಗೊಟ್ಟದ್ದು ನನಗೆ ಕಾಣಿಸಿತು.

ಹ್ಯೂಸ್ಟನ್ ವಿಮಾನ ನಿಲ್ದಾಣದ ಮುಂದೆ ಕಾರು ನಿಂತಾಗ ಇನ್ನೂ ಬಿಸಿಲಿತ್ತು. ಅಕ್ಕ ಮಗಳ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು, ನನ್ನ ತಲೆಗೆ ಮೊಟಕಿದಳು. ಭಾವನಿಗೆ "ಬರ್ತೀನಿ" ಎಂದಷ್ಟೇ ಹೇಳಿ, ನೀಲಿ ಬ್ಯಾಗನ್ನು ಹೆಗಲಿಗೇರಿಸಿ ನಡೆದಳು. ಭಾವ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂತೇ ಇದ್ದರು. ಹಿಂದಿನ ಕಾರಿನವನು ಹಾರ್ನ್ ಬಾರಿಸಿದ. ಪೊಲೀಸ್ ಒಬ್ಬ ಮುಂದೆ ಹೋಗಿ ಎಂದು ಕೈ ಬೀಸಿದ. ಭಾವ ಕಿಟಕಿ ಇಳಿಸಿದರು, ಅರ್ಧ ಮೈ ಹೊರಗೆ ಹಾಕಿದರು, ಸದಾ ಮೆಲ್ಲಗೆ ಮಾತಾಡುವ ಮನುಷ್ಯ ಇಡೀ ಟರ್ಮಿನಲ್ ತಿರುಗಿ ನೋಡುವ ಹಾಗೆ ಕೂಗಿದರು.

"ವಿದ್ಯಾ! ಅಲ್ಲಿ ಸ್ಕೂಲಲ್ಲಿ ವರ್ಷದ ಮಧ್ಯ ಸೇರಿಸ್ಕೊತಾರಾ ಕೇಳು!"

ಬಾಗಿಲವರೆಗೆ ಹೋಗಿದ್ದ ಅಕ್ಕ ತಿರುಗಿದಳು. ಬ್ಯಾಗ್ ಕೆಳಗಿಟ್ಟು ಎರಡೂ ಕೈಗಳನ್ನು ಬಾಯಿಗೆ ಹಿಡಿದು ಕೂಗಿದಳು:

"ಯಾವಾಗೋ ಕೇಳೇನಿ! ಜನವರಿಗೆ ಕರ್ಕೊಂಡ್ ಬರ್ರಿ ಅಂದಾರ!"